ನಡುವೆ ನಿಂತು ತೋರಿಸುವುದು: ‘ಒಂದರ್‌ವೆಯ್ಸ್’ ಎಂಬ ಡಚ್ ಪದದ ಹುಟ್ಟು

(ಭಾಷೆಯಲ್ಲಿ ಆಸಕ್ತಿ ಇರುವ ಕನ್ನಡ ಓದುಗರ ಎದುರು ಆಡಿದ ಮಾತಿನ ಬರಹ ರೂಪ. ಆಡುಮಾತಿನ ದಾಟಿಯನ್ನು ಆದಷ್ಟು ಹಾಗೇ ಇಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನೆದರ್ಲೆಂಡ್ಸ್ ದೇಶದ ಸಂವಿಧಾನದ 23ನೇ ವಿಧಿ ಒಂದು ಪುಟ್ಟ ವಾಕ್ಯದಿಂದ ಶುರುವಾಗುತ್ತದೆ. ಸರ್ಕಾರ ಸದಾ ಕಾಳಜಿ ವಹಿಸಬೇಕಾದ ವಿಷಯ ಶಿಕ್ಷಣ ಅನ್ನುವುದು ಅದರ ತಾತ್ಪರ್ಯ. ಪಕ್ಕದ ಬೆಲ್ಜಿಯಂ ಸಂವಿಧಾನದ 24ನೇ ವಿಧಿಯಲ್ಲೂ ಇಂಥದೇ ಒಂದು ವಾಕ್ಯ ಇದೆ, ಶಿಕ್ಷಣ ಸ್ವತಂತ್ರ ಅಂತ. ಎರಡು ಕಡೆಯೂ ನಾನು ಶಿಕ್ಷಣ ಎಂದು ಹೇಳಿದ ಜಾಗದಲ್ಲಿ ಇರುವ ಡಚ್ ಪದ ಒಂದೇ: ‘ಒಂದರ್‌ವೆಯ್ಸ್’. ನೆದರ್ಲೆಂಡ್ಸ್‌ನಲ್ಲಿ ಶಿಕ್ಷಣಕ್ಕೊಂದು ಮಂತ್ರಾಲಯ ಹುಟ್ಟಿದ್ದು 1918ರಲ್ಲಿ. ಅದರ ಹೆಸರಿನ ಮೊದಲ ಪದವೂ ಇದೇ. ಮುಂದೆ ಆ ಹೆಸರಿನ ಉಳಿದ ಪದಗಳು ಬದಲಾದವು, ಇದು ಮಾತ್ರ ಇವತ್ತಿಗೂ ಹಾಗೇ ಇದೆ.

ಇವತ್ತು ಈ ಒಂದು ಪದವನ್ನು ಬಿಡಿಸಿ ನೋಡೋಣ. ಇದು ಎರಡು ತುಂಡು ಸೇರಿ ಆದ ಪದ: ಒಂದರ್ ಮತ್ತು ವೆಯ್ಸ್. ‘ಒಂದರ್‌ವೆಯ್ಜೆನ್’ ಎಂದರೆ ಪಾಠ ಹೇಳುವುದು, ಕಲಿಸುವುದು. ಆ ಕ್ರಿಯಾಪದದ ಬಾಲ ಕತ್ತರಿಸಿದರೆ ‘ಒಂದರ್‌ವೆಯ್ಸ್’, ಅಂದರೆ ಶಿಕ್ಷಣ. ಹೇಳುವಾಗ ಒತ್ತು ಕೂಡ ಜಾಗ ಬದಲಿಸುತ್ತದೆ. ಕ್ರಿಯಾಪದದಲ್ಲಿ ಒತ್ತು ‘ವೆಯ್’ ಮೇಲೆ, ನಾಮಪದದಲ್ಲಿ ಮೊದಲ ‘ಒಂ’ ಮೇಲೆ.

ಡಚ್ ಕಲಿಯಲು ಹೊರಟ ಯಾರಿಗಾದರೂ ಇದರ ಅರ್ಥ ತಟ್ಟನೆ ಹೊಳೆದಂತೆ ಅನಿಸುತ್ತದೆ. ‘ಒಂದರ್’ ಎಂದರೆ ಕೆಳಗೆ. ‘ವೆಯ್ಜೆನ್’ ಎಂದರೆ ಬೆರಳು ಮಾಡಿ ತೋರಿಸುವುದು. ಹಾಗಾದರೆ ಮೇಷ್ಟ್ರು ಮೇಲೆ ನಿಂತು, ಕೆಳಗೆ ಕೂತ ಮಕ್ಕಳಿಗೆ ತೋರಿಸುವುದೇ ಶಿಕ್ಷಣ. ಕಟ್ಟೆ, ಬೆತ್ತ, ಕರಿಹಲಗೆ ಎಲ್ಲ ಕಣ್ಣ ಮುಂದೆ ಬಂತು, ಅಲ್ವಾ? ಈ ಅರ್ಥ ನನಗೆ ಒಪ್ಪಿಗೆ ಇಲ್ಲ. ಯಾಕೆ ಅಂತ ಹೇಳುವುದಕ್ಕೇ ಇವತ್ತು ನಿಮ್ಮ ಮುಂದೆ ನಿಂತಿದ್ದೇನೆ.

ಮೊದಲು ಸುಲಭದ ತುಂಡನ್ನು ತೆಗೆದುಕೊಳ್ಳೋಣ. ವೆಯ್ಜೆನ್, ತೋರಿಸುವುದು. ಡಚ್ಚರ ದಿನನಿತ್ಯದ ಮಾತಲ್ಲಿ ಈ ಪದ ಎಲ್ಲೆಲ್ಲೂ ಸಿಗುತ್ತದೆ. ಗಡಿಯಾರದ ಮುಳ್ಳಿಗೆ ‘ವೆಯ್ಜರ್’ ಅನ್ನುತ್ತಾರೆ, ತೋರಿಸುವಂಥದ್ದು ಎಂದು. ನಮ್ಮ ತೋರುಬೆರಳಿಗೆ ಅವರದು ‘ವೆಯ್ಸ್‌ವಿಂಗರ್’, ಅದೂ ತೋರುಬೆರಳೇ. ರಸ್ತೆ ಬದಿಯ ಕೈಮರಕ್ಕೆ ಅವರಲ್ಲಿ ಎರಡು ಹೆಸರು: ‘ವೆಖ್‌ವೆಯ್ಜರ್’ ಎಂದರೆ ದಾರಿ ತೋರಿಸುವುದು, ‘ಹಂತ್‌ವೆಯ್ಜರ್’ ಎಂದರೆ ಕೈಯಿಂದ ತೋರಿಸುವುದು. ಕನ್ನಡದವರು ಮರಕ್ಕೆ ಕೈ ಕೊಟ್ಟರು, ಅವರೂ ಕೊಟ್ಟರು. ಒಬ್ಬರಿಂದ ಒಬ್ಬರು ಕಲಿತದ್ದಲ್ಲ. ಕವಲು ದಾರಿಯಲ್ಲಿ ನಿಂತವನಿಗೆ ಬೇಕಾದ್ದು ಎಲ್ಲ ಕಡೆಯೂ ಒಂದೇ ತಾನೆ.

ಈಗ ಈ ವೆಯ್ಜೆನ್ ಎಲ್ಲಿಂದ ಬಂತು? ‘ವೆಯ್ಸ್’ ಅಂದರೆ ಡಚ್‌ನಲ್ಲಿ ತಿಳಿದವನು, ವಿವೇಕಿ. ಇಂಗ್ಲಿಷಿನ ವೈಸ್ ಇದರ ಒಡಹುಟ್ಟು. ಡಚ್, ಇಂಗ್ಲಿಷ್, ಜರ್ಮನ್ ಎಲ್ಲ ಸೇರುವ ಕುಟುಂಬಕ್ಕೆ ಜರ್ಮ್ಯಾನಿಕ್ ಅನ್ನುತ್ತಾರೆ. ಹಳೆಯ ಜರ್ಮ್ಯಾನಿಕ್ ಮಾತಲ್ಲಿ ಇಂಥ ಪದಕ್ಕೆ ಒಂದು ಪ್ರತ್ಯಯ ಹಚ್ಚಿ ‘ಹಾಗೆ ಮಾಡು’ ಎಂಬ ಅರ್ಥದ ಕ್ರಿಯಾಪದ ಮಾಡುತ್ತಿದ್ದರು. ನಮ್ಮ ‘ಇಸು’ ಪ್ರತ್ಯಯದ ಹಾಗೆ: ಕಲಿ–ಕಲಿಸು, ತಿಳಿ–ತಿಳಿಸು. ಹಾಗೆ ನೋಡಿದರೆ ವೆಯ್ಜೆನ್ ಮೂಲದಲ್ಲಿ ‘ತಿಳಿದವನನ್ನಾಗಿ ಮಾಡು’, ಅಂದರೆ ‘ತಿಳಿಸು’. ಬೆರಳು ಚಾಚುವ ಅರ್ಥ ಆಮೇಲೆ ಬಂದು ಸೇರಿತು.

ಇನ್ನೂ ಹಿಂದಕ್ಕೆ ಹೋದರೆ ‘ವಿದ್’ ಎಂಬ ಧಾತು ಸಿಗುತ್ತದೆ. ನಮಗೆ ಬೇಕಾದಷ್ಟು ಪರಿಚಯ ಇರುವ ಧಾತು. ಸಂಸ್ಕೃತದ ವೇದ, ವಿದ್ಯೆ, ವಿದ್ವಾಂಸ ಎಲ್ಲ ಇದರ ಮಕ್ಕಳು. ಲ್ಯಾಟಿನ್‌ನಲ್ಲಿ ಇದೇ ಧಾತು ‘ನೋಡು’ ಎಂಬ ಅರ್ಥದಲ್ಲಿ ಉಳಿಯಿತು. ವಿಡಿಯೋ ಅನ್ನುವ ಪದ ಬಂದದ್ದು ಅಲ್ಲಿಂದಲೇ. ಡಚ್‌ನಲ್ಲಿ ‘ವೇತೆನ್’ ಅಂದರೆ ತಿಳಿದಿರು. ಸಂಸ್ಕೃತ, ಲ್ಯಾಟಿನ್, ಡಚ್ ಮೂರಕ್ಕೂ ಮೂಲವಾದ ಒಂದು ಹಳೆಯ ಭಾಷೆ ಇತ್ತು. ನೋಡುವುದಕ್ಕೂ ತಿಳಿಯುವುದಕ್ಕೂ ಅದನ್ನು ಆಡುತ್ತಿದ್ದ ಜನ ಒಂದೇ ಬೇರು ಇಟ್ಟುಕೊಂಡಿದ್ದರು. ಕಂಡವನಿಗೆ ಗೊತ್ತು, ಅಷ್ಟೆ.

ಕನ್ನಡ ದ್ರಾವಿಡ ಭಾಷೆ. ಡಚ್ಚಿಗೂ ನಮಗೂ ನೇರ ನೆಂಟಸ್ತಿಕೆ ಇಲ್ಲ. ನಾವು ಸಂಸ್ಕೃತದಿಂದ ತಂದುಕೊಂಡ ಪದಗಳ ಮೂಲಕ ಮಾತ್ರ ಈ ಗುರುತು ಸಿಗುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಇಂಥ ವಿಷಯ ಮಾತಾಡುವಾಗ ಎಲ್ಲ ಭಾಷೆಯೂ ನಮ್ಮಿಂದಲೇ ಹುಟ್ಟಿತು ಅನ್ನುವವರು ಜಾಸ್ತಿ. ಪದಗಳ ಇತಿಹಾಸಕ್ಕೆ ಅದರಿಂದ ಏನೂ ಲಾಭ ಇಲ್ಲ.

ಇದೇ ಬೇರಿನ ಇನ್ನೊಂದು ಡಚ್ ಪದದ ಬಗ್ಗೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಗಣಿತಕ್ಕೆ ಯುರೋಪಿನ ಹೆಚ್ಚಿನ ಭಾಷೆಗಳು ಗ್ರೀಕ್ ಪದವನ್ನೇ ಇಟ್ಟುಕೊಂಡಿವೆ. ಡಚ್‌ನಲ್ಲಿ ಮಾತ್ರ ಅದು ‘ವಿಸ್‌ಕುಂದೆ’. ವಿಸ್ ಎಂದರೆ ಖಚಿತ, ಕುಂದೆ ಎಂದರೆ ಅರಿವು. ಇದರ ಹಿಂದೆ ಇರುವವನು ಸಿಮೊನ್ ಸ್ಟೆವಿನ್. 1548ರಲ್ಲಿ ಬ್ರೂಜ್ ಊರಲ್ಲಿ ಹುಟ್ಟಿ 1620ರಲ್ಲಿ ತೀರಿಕೊಂಡ ಎಂಜಿನಿಯರ್, ಗಣಿತಜ್ಞ. ಅವನು ಬಳಸಿದ ರೂಪ ‘ವಿಸ್‌ಕೊನ್ಸ್ಟ್’, ಖಚಿತದ ಕಲೆ ಎಂದು. ವಿದ್ಯೆ ಎಲ್ಲ ಲ್ಯಾಟಿನ್‌ನಲ್ಲೇ ನಡೆಯುತ್ತಿದ್ದ ಕಾಲ ಅದು. ನಮ್ಮ ಮಾತಲ್ಲಿ ವಿಜ್ಞಾನ ಹೇಳಲು ಆಗುತ್ತದೆ, ಇನ್ನೂ ಚೆನ್ನಾಗಿ ಆಗುತ್ತದೆ ಅಂತ ಸ್ಟೆವಿನ್ ಹಟ ಹಿಡಿದ. 1586ರಲ್ಲಿ ಬಂದ ತೂಕ–ಸಮತೋಲದ ಪುಸ್ತಕದಲ್ಲಿ ಅದಕ್ಕಾಗಿಯೇ ಒಂದು ದೊಡ್ಡ ಮುನ್ನುಡಿ ಬರೆದ. 1600ರಲ್ಲಿ ಡಚ್ ಸೇನೆಯ ನಾಯಕನಾಗಿದ್ದ ರಾಜಕುಮಾರ ಮೌರಿತ್ಸ್ ಹೇಳಿದ ಮೇಲೆ ಲೈಡನ್‌ನಲ್ಲಿ ಒಂದು ಎಂಜಿನಿಯರಿಂಗ್ ಶಾಲೆಗೆ ಪಾಠದ ಕ್ರಮ ಬರೆದುಕೊಟ್ಟ. ಅಲ್ಲಿ ಪಾಠ ನಡೆದದ್ದು ಡಚ್‌ನಲ್ಲಿ. ಭೂಮಿ ಅಳೆಯುವವರು, ಕೋಟೆ ಕಟ್ಟುವವರು ಅಲ್ಲಿ ಕಲಿತರು. ಲ್ಯಾಟಿನ್ ಬಾರದವನೂ ಗಣಿತ ಕಲಿಯಬಹುದಾಯಿತು. ಪಾರಿಭಾಷಿಕ ಪದಗಳ ಬಗ್ಗೆ ತಲೆ ಕೆಡಿಸಿಕೊಳ್ಳುವ ಕನ್ನಡಿಗರಿಗೆ ಸ್ಟೆವಿನ್ ಪರಿಚಯ ಆಗಲೇಬೇಕು ಅನ್ನುವುದು ನನ್ನ ಆಸೆ.

ಸರಿ, ಈಗ ಕಷ್ಟದ ತುಂಡಿಗೆ ಬರೋಣ. ಒಂದರ್.

ಇಂದಿನ ಡಚ್‌ನಲ್ಲಿ ಮೇಜಿನ ಕೆಳಗೆ, ಸೇತುವೆ ಕೆಳಗೆ ಅನ್ನಬೇಕಾದರೆ ಒಂದರ್ ಬರುತ್ತದೆ, ನಿಜ. ಆದರೆ ‘ಒಂದರ್ ಒನ್ಸ್’ ಅಂದರೆ ನಮ್ಮ ಕೆಳಗೆ ಅಲ್ಲ, ನಮ್ಮ ನಮ್ಮಲ್ಲಿ. ‘ಒಂದರ್‌ಲಿಂಗ್’ ಅಂದರೆ ಪರಸ್ಪರ. ‘ಒಂದರ್‌ತುಸ್ಸೆನ್’ ಅಂದರೆ ಈ ನಡುವೆ, ಅಷ್ಟರಲ್ಲಿ. ‘ಒಂದರ್‌ಹಂದೆಲೆನ್’ ಅಂದರೆ ಇಬ್ಬರ ನಡುವೆ ಮಾತುಕತೆ ನಡೆಸುವುದು. ‘ಒಂದರ್‌ಬ್ರೇಕೆನ್’ ಅಂದರೆ ನಡುವೆ ತುಂಡು ಮಾಡುವುದು. ನನಗೆ ತುಂಬಾ ಇಷ್ಟವಾದ ಒಂದು ನುಡಿಗಟ್ಟು ‘ಒಂದರ್ ವೀರ್ ಓಖೆನ್’. ಪದಕ್ಕೆ ಪದ ಇಟ್ಟರೆ ನಾಲ್ಕು ಕಣ್ಣುಗಳ ಒಂದರ್. ಇಬ್ಬರೇ ಎದುರು ಬದುರು ಕೂತು, ಬೇರೆ ಯಾರಿಗೂ ಕೇಳದಂತೆ ಮಾತಾಡುವುದು ಎಂದರ್ಥ. ಇಲ್ಲಿ ಯಾರೂ ಯಾರ ಕೆಳಗೂ ಇಲ್ಲ.

ಒಂದೇ ಪದಕ್ಕೆ ಕೆಳಗೆ ಮತ್ತು ನಡುವೆ ಎಂಬ ಎರಡು ಅರ್ಥ ಹೇಗೆ ಬಂತು? ಉತ್ತರ ಏನೆಂದರೆ, ಇದು ಒಂದೇ ಪದ ಅಲ್ಲ. ಎರಡು ಬೇರೆ ಬೇರೆ ಪದಗಳು ಕಾಲಕಾಲಕ್ಕೆ ಉಚ್ಚಾರ ಸವೆದು ಒಂದೇ ಥರ ಕೇಳುವಂತಾದವು. ಮೊದಲನೆಯದರ ಸಂಸ್ಕೃತ ನೆಂಟ ‘ಅಧರ’. ಕನ್ನಡ ಕಾವ್ಯದಲ್ಲಿ ಅಧರ ಅಂದರೆ ತುಟಿ. ಮೂಲದಲ್ಲಿ ಕೆಳಗಿನದು, ಹಾಗಾಗಿ ಕೆಳದುಟಿ. ಲ್ಯಾಟಿನ್‌ನಲ್ಲಿ ಇದೇ ‘ಇನ್‌ಫ್ರಾ’. ಎರಡನೆಯದರ ನೆಂಟ ‘ಅಂತರ್’. ನಮ್ಮ ಅಂತರಂಗ, ಅಂತರ್ಜಲದಲ್ಲಿ ಇರುವುದು. ಲ್ಯಾಟಿನ್‌ನಲ್ಲಿ ಅದು ‘ಇಂಟರ್’. ಸಂಸ್ಕೃತದಲ್ಲಿ ಅಧರ ಬೇರೆ, ಅಂತರ್ ಬೇರೆ. ಲ್ಯಾಟಿನ್‌ನಲ್ಲೂ ಬೇರೆ ಬೇರೆ. ಜರ್ಮ್ಯಾನಿಕ್ ಭಾಷೆಗಳಲ್ಲಿ ಮಾತ್ರ ಒಂದರ ಧ್ ಮತ್ತು ಇನ್ನೊಂದರ ತ್ ಎರಡೂ ದ್ ಆಗಿ, ಎರಡು ನದಿ ಒಂದೇ ಪಾತ್ರದಲ್ಲಿ ಸೇರಿದ ಹಾಗಾಯಿತು.

ಧ್ ಹೋಗಿ ದ್ ಆಗುವುದು ಸುಲಭವಾಗಿ ಅರ್ಥವಾಗುತ್ತದೆ. ತ್ ಯಾಕೆ ದ್ ಆಯಿತು ಅನ್ನುವುದು 19ನೇ ಶತಮಾನದ ವಿದ್ವಾಂಸರನ್ನು ಬಹಳ ಕಾಡಿದ ಪ್ರಶ್ನೆ. ಸಾಮಾನ್ಯ ನಿಯಮದ ಪ್ರಕಾರ ಅಲ್ಲಿ ಬೇರೆ ಧ್ವನಿ ಬರಬೇಕಿತ್ತು. 1870ರ ದಶಕದಲ್ಲಿ ಕಾರ್ಲ್ ವೆರ್ನರ್ ಎಂಬ ಡೇನಿಶ್ ವಿದ್ವಾಂಸ ಇದನ್ನು ಬಿಡಿಸಿದ. ಅವನಿಗೆ ಸುಳಿವು ಸಿಕ್ಕಿದ್ದು ವೇದದ ಸ್ವರದಲ್ಲಿ. ವೇದಮಂತ್ರಗಳಲ್ಲಿ ಪದದ ಯಾವ ಅಕ್ಷರಕ್ಕೆ ಉದಾತ್ತ, ಅಂದರೆ ಏರು ಸ್ವರ, ಬರುತ್ತದೆ ಎಂದು ಗುರುತು ಉಳಿದಿದೆ. ಉದಾತ್ತ ಧ್ವನಿಯ ಹಿಂದಿನ ಅಕ್ಷರದಲ್ಲಿದ್ದರೆ ಒಂದು ಥರ, ಇಲ್ಲದಿದ್ದರೆ ಇನ್ನೊಂದು ಥರ ವ್ಯಂಜನ ಬದಲಾಗಿದೆ ಅಂತ ಅವನು ತೋರಿಸಿದ. ಅಂತರ್ ಪದದಲ್ಲಿ ಉದಾತ್ತ ಎರಡನೇ ಅಕ್ಷರಕ್ಕೆ ಬರುತ್ತದೆ, ತ್ ಅದರ ಮುಂಚೆ ಇದೆ. ಹಾಗಾಗಿ ಆ ತ್ ಮೆತ್ತಗಾಗಿ ದ್ ಆಯಿತು. ಮಂತ್ರ ಹೇಳುವವರು ಸಾವಿರಾರು ವರ್ಷ ಬಾಯಿಂದ ಬಾಯಿಗೆ ಉಳಿಸಿದ ಏರಿಳಿತ, ಉತ್ತರ ಸಮುದ್ರದ ದಂಡೆಯ ಮಾತಿನ ಒಂದು ಗುಟ್ಟು ಬಿಡಿಸಿತು. ಇದನ್ನು ಯೋಚಿಸಿದಾಗಲೆಲ್ಲ ನನಗೆ ಮೈ ಜುಂ ಅನ್ನುತ್ತದೆ.

ಹಾಗಾದರೆ ಒಂದರ್‌ವೆಯ್ಸ್‌ನಲ್ಲಿ ಇರುವುದು ಅಧರವೋ, ಅಂತರವೋ? ನನ್ನ ಮಟ್ಟಿಗೆ ಅಂತರ. ಕಾರಣ ಹೇಳುತ್ತೇನೆ. ಮಾತುಕತೆ, ತಿಳಿವಳಿಕೆ, ಮನಸ್ಸಿಗೆ ಸಂಬಂಧಪಟ್ಟ ಕ್ರಿಯೆಗಳಿಗೆ ಒಂದರ್ ಸೇರಿದಾಗ ಬರುವುದು ಬಹುಪಾಲು ನಡುವೆ ಎಂಬ ಅರ್ಥವೇ. ಇಂಗ್ಲಿಷಿನ ಅಂಡರ್‌ಸ್ಟ್ಯಾಂಡ್ ಪದವನ್ನೇ ನೋಡಿ. ಅರ್ಥ ಮಾಡಿಕೊಳ್ಳುವವನು ಯಾವುದರ ಕೆಳಗೂ ನಿಲ್ಲುವುದಿಲ್ಲ, ವಿಷಯಗಳ ನಡುವೆ ನಿಲ್ಲುತ್ತಾನೆ. ಡಚ್‌ನ ‘ಒಂದರ್‌ಸ್ಖೆಯ್ದ್’ ಅಂದರೆ ವ್ಯತ್ಯಾಸ, ಎರಡರ ನಡುವೆ ಬಿಡಿಸಿ ನೋಡುವುದು. ಇದೇ ಸಾಲಿಗೆ ಸೇರಿಸಿದರೆ ಒಂದರ್‌ವೆಯ್ಜೆನ್ ಅಂದರೆ ಜನರ ನಡುವೆ ತೋರಿಸಿ ತಿಳಿಸುವುದು. 1637ರಲ್ಲಿ ಅಚ್ಚಾದ ಡಚ್ ಬೈಬಲ್ಲಿನಲ್ಲಿ, ಮತ್ತಾಯನ ಸುವಾರ್ತೆಯ ಕೊನೆಗೆ ಯೇಸು ಶಿಷ್ಯರಿಗೆ ಹೋಗಿ ಎಲ್ಲ ಜನಾಂಗಗಳಿಗೆ ಕಲಿಸಿ ಅನ್ನುವ ಕಡೆ ಇದೇ ಕ್ರಿಯಾಪದ ಇದೆ. ಆ ಶಿಷ್ಯರಿಗೆ ನಿಲ್ಲಲು ಕಟ್ಟೆ ಇರಲಿಲ್ಲ. ಜನರ ನಡುವೆಯೇ ಹೋಗಬೇಕಿತ್ತು.

ಇಂದಿನ ಡಚ್ಚರ ಕಿವಿಗೆ ಮಾತ್ರ ಕೆಳಗೆ ಎಂಬುದೂ ಕೇಳುತ್ತದೆ, ಅದಕ್ಕೂ ಕಾರಣ ಇದೆ. ಹಿಂದೆ ಹಳ್ಳಿ ಶಾಲೆಯ ಮುಖ್ಯ ಮೇಷ್ಟ್ರಿಗೆ ‘ಬೋವೆನ್‌ಮೇಸ್ತರ್’ ಅನ್ನುತ್ತಿದ್ದರು, ಮೇಲಿನ ಮೇಷ್ಟ್ರು. ಅವರ ಕೈಕೆಳಗಿನವರು ‘ಒಂದರ್‌ಮೇಸ್ತರ್’. ಅಲ್ಲಿ ಒಂದರ್ ಖಂಡಿತ ಕೆಳಗೆಯೇ. ಅಂದ ಹಾಗೆ ಈ ಮೇಸ್ತರ್, ನಮ್ಮ ಮೇಷ್ಟ್ರು, ಗಾರೆ ಕೆಲಸದ ಮೇಸ್ತ್ರಿ ಮೂರಕ್ಕೂ ಮೂಲ ಲ್ಯಾಟಿನ್‌ನ ಮಾಗಿಸ್ತೆರ್. ಮೇಷ್ಟ್ರು ಇಂಗ್ಲಿಷ್ ದಾರಿಯಲ್ಲಿ ಬಂದರು, ಮೇಸ್ತ್ರಿ ಪೋರ್ಚುಗೀಸ್ ಹಡಗಿನಲ್ಲಿ ಬಂದರು.

ಒಂದರ್‌ವೆಯ್ಸ್ ಪದಕ್ಕೆ ಅಕ್ಕಪಕ್ಕದಲ್ಲೂ ಬಳಗ ಇದೆ. ಜರ್ಮನ್ನಲ್ಲಿ ‘ಉಂಟರ್‌ವೈಜೆನ್’. ಸ್ವೀಡಿಶ್, ಡೇನಿಶ್, ನಾರ್ವೇಜಿಯನ್ನರು ಶಿಕ್ಷಣಕ್ಕೆ ಇದೇ ಅಚ್ಚಿನ ಪದ ಬಳಸುತ್ತಾರೆ. ಅದು ಅವರ ಸ್ವಂತದ್ದಲ್ಲ. ಮಧ್ಯಯುಗದಲ್ಲಿ ಉತ್ತರ ಜರ್ಮನಿಯ ವ್ಯಾಪಾರಿಗಳ ಜೊತೆ ಬಾಲ್ಟಿಕ್ ದಾಟಿ ಹೋದ ನೂರಾರು ಪದಗಳಲ್ಲಿ ಇದೂ ಒಂದು. ದಕ್ಷಿಣ ಆಫ್ರಿಕಾಕ್ಕೆ ಡಚ್ಚರ ಜೊತೆ ಹೋಗಿ ಆಫ್ರಿಕಾನ್ಸ್ ಭಾಷೆಯಲ್ಲೂ ಉಳಿಯಿತು. ಅಲ್ಲಿ ಇದಕ್ಕೆ ಕಹಿ ನೆನಪು ಅಂಟಿದೆ. 1953ರ ಕಾನೂನಿನಿಂದ ಕರಿಯ ಮಕ್ಕಳಿಗೆ ಬೇರೆಯೇ, ಕೀಳು ದರ್ಜೆಯ ಶಿಕ್ಷಣ ಎಂದಾಯಿತು. ಅದರ ಹೆಸರಿನಲ್ಲಿದ್ದದ್ದು ಇದೇ ಪದ. ಮುಂದೆ ಅರ್ಧದಷ್ಟು ಪಾಠಗಳನ್ನು ಆಫ್ರಿಕಾನ್ಸ್‌ನಲ್ಲೇ ಹೇಳಬೇಕು ಎಂದು ಆಜ್ಞೆ ಆದಾಗ, 1976ರ ಜೂನ್ 16ರಂದು ಜೋಹಾನ್ಸ್‌ಬರ್ಗ್ ಪಕ್ಕದ ಸೊವೆಟೊದ ಶಾಲಾ ಮಕ್ಕಳು ಬೀದಿಗಿಳಿದರು. ಪೊಲೀಸರು ಗುಂಡು ಹಾರಿಸಿದರು. ಆ ಕಾನೂನು ಬರೆದವರ ಕೈಯಲ್ಲಿ ಒಂದರ್ ಪೂರ್ತಿ ಕೆಳಗೆ ಆಗಿಹೋಗಿತ್ತು.

ಇಲ್ಲಿವರೆಗೆ ಕಲಿಸುವುದರ ಮಾತಾಯಿತು. ಕಲಿಯುವುದಕ್ಕೆ ಡಚ್‌ನಲ್ಲಿ ಏನು ಹೇಳುತ್ತಾರೆ? ‘ಲೇರೆನ್’. ವಿಚಿತ್ರ ಏನೆಂದರೆ ಲೇರೆನ್ ಅಂದರೆ ಕಲಿಯುವುದೂ ಹೌದು, ಕಲಿಸುವುದೂ ಹೌದು. ನಾನು ಡಚ್ ಕಲಿಯುತ್ತೇನೆ ಅನ್ನುವುದಕ್ಕೂ ಲೇರೆನ್, ನಾನು ಅವನಿಗೆ ಈಜು ಕಲಿಸುತ್ತೇನೆ ಅನ್ನುವುದಕ್ಕೂ ಲೇರೆನ್. ವಾಕ್ಯ ನೋಡಿ ಗೊತ್ತು ಮಾಡಿಕೊಳ್ಳಬೇಕು. ಮೂಲದಲ್ಲಿ ಇದೂ ಇಸು ಹಚ್ಚಿದ ಪದ, ಕಲಿಸು ಎಂಬ ಅರ್ಥದ್ದು. ಜರ್ಮನ್ನರು ಕಲಿ, ಕಲಿಸು ಎರಡನ್ನೂ ಬೇರೆ ಇಟ್ಟುಕೊಂಡರು. ಡಚ್ಚರಲ್ಲಿ ಎರಡೂ ಒಂದಾದವು.

ಇದರ ಬೇರು ನನಗೆ ಒಂದರ್‌ವೆಯ್ಸ್‌ಗಿಂತ ಜಾಸ್ತಿ ಹಿಡಿಸುತ್ತದೆ. 4ನೇ ಶತಮಾನದಲ್ಲಿ ವುಲ್ಫಿಲ ಎಂಬ ಬಿಷಪ್ ಬೈಬಲ್ಲನ್ನು ಗಾಥಿಕ್ ಎಂಬ ಹಳೆಯ ಜರ್ಮ್ಯಾನಿಕ್ ಭಾಷೆಗೆ ತಂದ. ಅದರ ಬೆಳ್ಳಿ ಅಕ್ಷರದ ಪ್ರತಿ ಈಗ ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದೆ. ಗಾಥಿಕ್‌ನಲ್ಲಿ ‘ಲೈಸ್’ ಅಂದರೆ ನನಗೆ ಗೊತ್ತು. ‘ಲೈಸ್ತ್ಸ್’ ಅಂದರೆ ಹೆಜ್ಜೆ ಗುರುತು. ಕಲಿಸುವವನಿಗೆ ‘ಲೈಸಾರೀಸ್’, ಇವತ್ತಿನ ಡಚ್‌ನ ‘ಲೇರಾರ್’ ಇದರದೇ ಇನ್ನೊಂದು ರೂಪ. ಗೊತ್ತಿರುವುದು ಮತ್ತು ಹೆಜ್ಜೆ ಗುರುತು ಎರಡಕ್ಕೂ ಒಂದೇ ಬೇರು. ಅಂದರೆ ತಿಳಿದವನು ಜಾಡು ಹಿಡಿದು ಹೋದವನು. ಚಮ್ಮಾರರು ಜೋಡು ಹೊಲಿಯಲು ಇಟ್ಟುಕೊಳ್ಳುವ ಕಾಲಿನ ಅಚ್ಚಿಗೆ ಡಚ್‌ನಲ್ಲಿ ‘ಲೇಸ್ತ್’ ಅನ್ನುತ್ತಾರೆ, ಅದೂ ಇದೇ ಕುಲ. ಲ್ಯಾಟಿನ್‌ನಲ್ಲಿ ಈ ಬೇರು ‘ಲೀರ’ ಆಯಿತು, ನೇಗಿಲ ಸಾಲು. ಸಾಲು ಬಿಟ್ಟು ಆಚೆ ಹೋದರೆ ‘ಡಿಲೀರಿಯಂ’, ಸನ್ನಿ.

ಜಾಡು ಹಿಡಿಯುವುದು ಕಲಿಯುವವರ ಕೆಲಸ, ತೋರಿಸುವುದು ಕಲಿಸುವವರ ಕೆಲಸ. ಡಚ್ಚಿನ ಎರಡು ಮುಖ್ಯ ಪದಗಳಲ್ಲಿ ಕೆಲಸ ಹೀಗೆ ಹಂಚಿಹೋಗಿದೆ. ತೋರಿಸುವ ಕಡೆ ನೋಡಿದರೆ ಡಚ್ಚರು ಒಬ್ಬರೇ ಅಲ್ಲ. ಇಂಗ್ಲಿಷಿನ ಟೀಚ್ ಪದದ ಮೂಲವೂ ತೋರಿಸು ಎಂದೇ. ಅದು ಸಂಸ್ಕೃತದ ‘ದಿಶ್’ ಧಾತುವಿನ ನೆಂಟ. ನಮ್ಮ ದಿಕ್ಕು, ಆದೇಶ, ನಿರ್ದೇಶಕ ಎಲ್ಲ ಅಲ್ಲಿಂದ. ಬೆಲ್ಜಿಯಂನ ಫ್ರೆಂಚ್ ಮಾತಿನವರು ಬಳಸುವ ‘ಆನ್‌ಸೆನ್ಯಮಾನ್’ ಪದದ ಒಳಗೂ ಗುರುತು ಮಾಡಿ ತೋರಿಸುವುದು ಇದೆ. ಇನ್ನು ನಮ್ಮ ‘ಉಪದೇಶ’. ಉಪ ಅಂದರೆ ಹತ್ತಿರ, ದೇಶ ಎಂಬಲ್ಲಿ ಇರುವುದು ದಿಶ್, ತೋರಿಸು. ಹತ್ತಿರ ಬಂದು ತೋರಿಸುವುದು. ಒಂದರ್‌ವೆಯ್ಸ್ ಪದವನ್ನು ಕಟ್ಟಿದ ರೀತಿಯೇ ಇದು, ಅಲ್ವಾ? ಒಂದು ಕಡೆ ನಡುವೆ, ಇನ್ನೊಂದು ಕಡೆ ಹತ್ತಿರ. ಈಗಿನ ಕನ್ನಡದಲ್ಲಿ ಉಪದೇಶ ಅಂದರೆ ಮೇಲೆ ಕೂತು ಹೇಳುವ ಬುದ್ಧಿಮಾತು ಅನಿಸುವಂತಾಗಿದೆ. ಪದದ ಒಳಗೆ ಆ ಎತ್ತರ ಇಲ್ಲ. ನಾನು ಈಗ ಮಾಡುತ್ತಿರುವ ‘ಉಪನ್ಯಾಸ’ಕ್ಕೂ ಹತ್ತಿರ ತಂದಿಡುವುದು ಎಂದೇ ಅರ್ಥ. ಶಿಕ್ಷಣ ಪದ ಮಾತ್ರ ಬೇರೆ ದಾರಿ ಹಿಡಿಯಿತು. ಅದು ‘ಶಕ್’ ಧಾತುವಿನಿಂದ ಬಂದದ್ದು, ಸಾಮರ್ಥ್ಯ ಬೇಕು ಎಂಬ ಬಯಕೆ. ಅದರಲ್ಲಿ ಇರುವುದು ಕಲಿಯುವವನ ಆಸೆ.

ಡಚ್ ಶಾಲೆಗೆ ವಾಪಸ್ಸು ಬರೋಣ. ಪ್ರಾಥಮಿಕ ಶಾಲೆಯವರಿಗೆ ಬಹಳ ಕಾಲ ‘ಒಂದರ್‌ವೆಯ್ಜರ್’ ಅನ್ನುತ್ತಿದ್ದರು. ಈಗ ಅದು ಹಳೆಯ ಮಾತು ಅನಿಸಿಕೊಂಡಿದೆ, ‘ಲೇರ್‌ಕ್ರಖ್ತ್’ ಅನ್ನುವುದು ರೂಢಿ. ಪ್ರೌಢಶಾಲೆಯಲ್ಲಿ ಲೇರಾರ್. ಪ್ರೊಫೆಸರ್ ಆದರೆ ‘ಹೋಖ್‌ಲೇರಾರ್’, ಎತ್ತರದ ಲೇರಾರ್. ಸಣ್ಣ ಮಕ್ಕಳು ಇವು ಯಾವುದನ್ನೂ ಬಳಸುವುದಿಲ್ಲ. ಗಂಡಸಾದರೆ ಮೇಸ್ತರ್, ಹೆಂಗಸಾದರೆ ‘ಯುಫ್’. ಶಿಕ್ಷಕರನ್ನು ತಯಾರು ಮಾಡುವ ಶಾಲೆಗೆ ಹಿಂದೆ ‘ಕ್ವೇಕ್‌ಸ್ಖೋಲ್’ ಎಂದು ಹೆಸರು. ಕ್ವೇಕೆನ್ ಎಂದರೆ ಸಸಿ ಬೆಳೆಸುವುದು. ಸರ್ಕಾರದ ಮೊದಲ ಕ್ವೇಕ್‌ಸ್ಖೋಲ್ 1816ರಲ್ಲಿ ಹಾರ್ಲೆಮ್ ಊರಲ್ಲಿ ಶುರುವಾಯಿತು. 1900ರಲ್ಲಿ ಕಡ್ಡಾಯ ಶಿಕ್ಷಣದ ಕಾನೂನು ಬಂದಾಗ ಅದಕ್ಕೆ ಇಟ್ಟ ಹೆಸರು ‘ಲೇರ್‌ಪ್ಲಿಖ್ತ್’, ಕಲಿಯುವ ಕರ್ತವ್ಯ. ಆ ಕಾನೂನು ಸಂಸತ್ತಿನಲ್ಲಿ 50–49 ಮತಗಳಿಂದ, ಕೂದಲೆಳೆಯ ಅಂತರದಲ್ಲಿ ಗೆದ್ದಿತು. ವಿರೋಧಿಯಾಗಿದ್ದ ಒಬ್ಬ ಸದಸ್ಯರು ಕುದುರೆಯಿಂದ ಬಿದ್ದು ಮನೆಯಲ್ಲಿದ್ದರು, ಮತ ಹಾಕಲು ಬರಲಾಗಲಿಲ್ಲ.

ಡಚ್ಚರ ವಸಾಹತಾಗಿದ್ದ ಇಂಡೋನೇಷ್ಯಾದಲ್ಲಿ ಈ ಪದ ಬೇರು ಬಿಡಲಿಲ್ಲ. ಶಾಲೆ, ಕಾನೂನು, ಕಚೇರಿ ಎಲ್ಲ ಡಚ್ಚರದೇ ಆಗಿದ್ದರೂ ಜನ ಕಲಿಸುವವರನ್ನು ಗುರು ಅಂತಲೇ ಕರೆದರು, ಇವತ್ತಿಗೂ ಹಾಗೇ. ವಿದ್ಯಾರ್ಥಿ ಅಂದರೆ ‘ಸಿಸ್ವ’, ನಮ್ಮ ಶಿಷ್ಯ. ಕಿ ಹಜರ್ ದೇವಾಂತರ 1922ರಲ್ಲಿ ಯೋಗ್ಯಕರ್ತದಲ್ಲಿ ಕಟ್ಟಿದ ಶಾಲೆಯ ಹೆಸರು ‘ತಮನ್ ಸಿಸ್ವ’, ಶಿಷ್ಯರ ತೋಟ. ಡಚ್ ಆಡಳಿತದ ವಿರುದ್ಧ ಬರೆದದ್ದಕ್ಕೆ 1913ರಲ್ಲಿ ಅವರನ್ನು ನೆದರ್ಲೆಂಡ್ಸ್‌ಗೆ ಗಡೀಪಾರು ಮಾಡಿದ್ದರು. ಅಲ್ಲಿದ್ದಾಗಲೇ ಅವರು ಶಿಕ್ಷಕರಾಗಲು ಓದಿದರು. 1932ರಲ್ಲಿ ಅನುಮತಿ ಇಲ್ಲದ ಶಾಲೆಗಳನ್ನು ಮುಚ್ಚಿಸಬಲ್ಲ ಸುಗ್ರೀವಾಜ್ಞೆ ಬಂದಾಗ ಎದುರು ನಿಂತರು. ಅವರು ಹೇಳುತ್ತಿದ್ದ ಜಾವಾ ಮಾತಿನ ಸೂತ್ರಕ್ಕೆ ಮೂರು ಭಾಗ: ಮುಂದೆ ನಿಂತಾಗ ಮಾದರಿಯಾಗು, ನಡುವೆ ನಿಂತಾಗ ಮನಸ್ಸು ಕಟ್ಟು, ಹಿಂದೆ ನಿಂತಾಗ ಬಲ ಕೊಡು. ನಡುವೆ ಅನ್ನುವುದಕ್ಕೆ ಅಲ್ಲಿ ಇರುವ ಪದ ‘ಮದ್ಯ’, ಸಂಸ್ಕೃತದ ಮಧ್ಯ. ಡಚ್ಚರು ತಮ್ಮ ಪದದ ಒಳಗೆ ಮರೆತು ಬಿಟ್ಟಿದ್ದ ಜಾಗವನ್ನು ಅವರ ಕೈಕೆಳಗಿದ್ದ ದೇಶದ ಒಬ್ಬ ಶಿಕ್ಷಕ ಬಾಯಿ ಬಿಟ್ಟು ಹೇಳಿದ್ದು ನನಗೆ ದೊಡ್ಡ ಸಂಗತಿ ಅನಿಸುತ್ತದೆ.

ಮಾತು ಮುಗಿದ ಮೇಲೆ ಸಭೆಯಲ್ಲಿ ಒಬ್ಬರು ಕೇಳಿದರು: ಜರ್ಮನ್ನಲ್ಲಿ ಪಾಠಕ್ಕೆ ‘ಉಂಟರ್‌ರಿಖ್ಟ್’ ಅನ್ನುತ್ತಾರಲ್ಲ, ಅದೂ ಇದೇನಾ? ಒಳ್ಳೆಯ ಪ್ರಶ್ನೆ. ಮೊದಲ ತುಂಡು ಇದೇ, ಎರಡನೆಯದು ಬೇರೆ. ರಿಖ್ಟೆನ್ ಅಂದರೆ ನೆಟ್ಟಗೆ ಮಾಡುವುದು, ಸರಿಯಾದ ದಿಕ್ಕಿಗೆ ತಿರುಗಿಸುವುದು. ಅದರ ಸಂಸ್ಕೃತ ನೆಂಟ ‘ಋಜು’, ನೇರ. ಡಚ್‌ನಲ್ಲೂ ‘ಒಂದರ್‌ರಿಖ್ತ್’ ಎಂಬ ಪದ ಇದೆ, ಆದರೆ ಸ್ವಲ್ಪ ಗಂಭೀರದ ಬರವಣಿಗೆಯಲ್ಲಿ ಜಾಸ್ತಿ. ಶಾಲೆಗೆ, ಸಂವಿಧಾನಕ್ಕೆ, ಮಂತ್ರಾಲಯಕ್ಕೆ ಡಚ್ಚರು ಆರಿಸಿಕೊಂಡದ್ದು ನೆಟ್ಟಗೆ ಮಾಡುವ ಪದವನ್ನಲ್ಲ, ತೋರಿಸುವ ಪದವನ್ನು.